ಒಣಮೀನಿನ ತಕ್ಕಡಿಯಲ್ಲಿ ಟೆನಿಸ್ ರಾಕೆಟ್

ಮೊಮ್ಮಗಳ ಕೈಯ ಮೂಳೆಗೆ ಏನೂ ಆಗಿಲ್ಲ ಎಂದು ಡಾಕ್ಟರು ಹೇಳಿದ ಕೂಡಲೇ ನಾನು ಬೆಂಚಿನ ಅಡಿಯಲ್ಲಿ ಚಪ್ಪಲಿ ಹುಡುಕಿದೆ. ಇನ್ನು ಅಲ್ಲಿ ಕೂರುವುದಕ್ಕೆ ಕಾರಣ ಇರಲಿಲ್ಲ. ಮಗಳು ಮಾತ್ರ ಏಳಲಿಲ್ಲ. ಅವಳಿಗೆ ಒಳ್ಳೆಯ ಸುದ್ದಿಯನ್ನು ಎರಡೆರಡು ಸಲ ಹೇಳಬೇಕು, ಕೆಟ್ಟದ್ದಾದರೆ ಹೇಳುವ ಮೊದಲೇ ನಂಬುತ್ತಾಳೆ.

"ಎಕ್ಸ್‌ರೇ ಸರಿ ನೋಡಿದ್ರಾ ಡಾಕ್ಟ್ರೇ?"

"ನೋಡಿದೆ ಅಮ್ಮಾ. ಮೂಳೆ ಚಂದ ಉಂಟು. ಮೊಣಕೈ ಹತ್ರ ನರ, ಮಾಂಸ ಎಲ್ಲ ಎಳೆದು ಎಳೆದು ನೊಂದಿದೆ. ಸ್ವಲ್ಪ ದಿನ ಆಟ ಬೇಡ. ಆಮೇಲೆ ಆಡ್ಲಿ. ಆದ್ರೆ ಆ ರಾಕೆಟ್ ಇವಳ ಕೈಗೆ ತೂಕ ಹೆಚ್ಚಾಯ್ತಾ ಅಂತ ಒಮ್ಮೆ ನೋಡಿ."

ಮೊಮ್ಮಗಳು ಎಂಟನೇ ಕ್ಲಾಸು. ಟೆನಿಸ್ ಆಡುತ್ತಾಳೆ. ನಮ್ಮ ಕಡೆ ಹೆಣ್ಣುಮಕ್ಕಳು ತ್ರೋಬಾಲು, ಶಟಲ್ ಆಡುವುದನ್ನು ನಾನು ನೋಡಿದ್ದೆ, ಟೆನಿಸ್ ನೋಡಿರಲಿಲ್ಲ. ನರಿಮೊಗರಿನ ಹತ್ತಿರ ಯಾರದೋ ಜಾಗದಲ್ಲಿ ಸಿಮೆಂಟಿನ ಅಂಕಣ ಒಂದು ಉಂಟು. ಅಲ್ಲಿ ಒಬ್ಬರು ಟೀಚರು ಸಂಜೆ ಹೊತ್ತು ಮಕ್ಕಳಿಗೆ ಹೇಳಿಕೊಡುತ್ತಾರೆ. ಇವಳು ಗೆಳತಿಯ ಜೊತೆ ನೋಡಲು ಹೋದವಳು ಹಾಗೆಯೇ ಆಡಲು ನಿಂತಳು. ಚೆನ್ನಾಗಿ ಆಡುತ್ತಾಳೆ. ನನ್ನ ಮೊಮ್ಮಗಳು ಎಂದು ಹೇಳುವುದಲ್ಲ, ಕೆಟ್ಟದಾಗಿ ಆಡಿದರೆ ಅದನ್ನೂ ಹೇಳುತ್ತಿದ್ದೆ. ಅಡುಗೆ ಕೆಟ್ಟದಾಗಿ ಮಾಡುತ್ತಾಳೆ, ಅದನ್ನು ಎಲ್ಲರಿಗೂ ಹೇಳಿದ್ದೇನೆ.

ಮಳೆಗಾಲ ಮುಗಿದ ಮೇಲೆ ಅವಳ ಬಲಗೈ ನೋಯಲು ಶುರುವಾಯಿತು. ಮೊದಲು ಹೇಳಲಿಲ್ಲ. ಬಾಟಲಿಯ ಮುಚ್ಚಳ ತೆಗೆಯಲಿಕ್ಕೆ ಆಗದೆ ನನ್ನ ಹತ್ತಿರ ತಂದಾಗ ನನಗೆ ಗೊತ್ತಾಯಿತು. ಎಪ್ಪತ್ತು ದಾಟಿದವಳ ಹತ್ತಿರ ಹದಿಮೂರರ ಹುಡುಗಿ ಮುಚ್ಚಳ ತೆಗೆಸುವುದೆಂದರೆ ಏನೋ ಸರಿ ಇಲ್ಲ. ಕೈ ಹಿಡಿದು ತಿರುಗಿಸಿದೆ. ಅವಳು ಕಿರುಚಿದಳು. ಆಮೇಲೆ ಡಾಕ್ಟರು.

ನನ್ನ ಮಗಳು ಪುತ್ತೂರಿನ ದರ್ಬೆಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದಾಳೆ. ಹಿಂದೆ ಎರಡು ಕೋಣೆಯಲ್ಲಿ ನಾವು ವಾಸ. ಅಳಿಯ ಲಾರಿಯಲ್ಲಿ ಹೋದರೆ ವಾರಕ್ಕೊಮ್ಮೆ ಬರುತ್ತಾನೆ. ನಾನು ಕೈಯಲ್ಲಿ ಬಲ ಇರುವವರೆಗೆ ಕಡಬದ ಕಡೆ ಒಂದು ಮಲಯಾಳಿ ಕ್ರಿಶ್ಚಿಯನ್ ಮನೆಯವರ ತೋಟದಲ್ಲಿ ರಬ್ಬರ್ ಮರ ಕೊರೆದು ಹಾಲು ತೆಗೆಯುತ್ತಿದ್ದೆ. ಹಾಗಾಗಿ ನಮ್ಮ ಮನೆಯಲ್ಲಿ ಕೈ ಎಂದರೆ ಹುಡುಗಾಟವಲ್ಲ. ಕಾಲು ನೊಂದರೂ ಕುಳಿತು ಹೊಲಿಯಬಹುದು. ಕೈ ಹೋದರೆ ಏನು ಮಾಡುವುದು? ಮಗಳು ಆಸ್ಪತ್ರೆಯ ಮೆಟ್ಟಿಲಲ್ಲೇ ನಿಂತು ತೀರ್ಮಾನ ಹೇಳಿದಳು.

"ಡಾಕ್ಟ್ರು ಹೇಳಿದಷ್ಟು ದಿನ ಸುಮ್ಮನೆ ಕೂತ್ಕೊ. ಆಮೇಲೆ ಬೇಕಾದ್ರೆ ಆಡು. ಇನ್ನೊಂದು ಸಲ ನೋವು ಅಂತ ಬಂದ್ರೆ ಮಾತ್ರ ಆಟ ಅಲ್ಲಿಗೇ ಮುಗೀತು. ಅತ್ತರೂ ಇಲ್ಲ, ಊಟ ಬಿಟ್ಟರೂ ಇಲ್ಲ."

"ಸುಳ್ಯದ್ದು ಉಂಟಲ್ಲಮ್ಮ," ಎಂದಳು ಹುಡುಗಿ. ಜಿಲ್ಲೆಗೆ ಮಕ್ಕಳನ್ನು ಆರಿಸುವ ಆಟ ಸುಳ್ಯದಲ್ಲಿ ನಡೆಯುವುದಿತ್ತು.

"ಸುಳ್ಯದಲ್ಲಿ ನೋವಾದ್ರೆ ಸುಳ್ಯದಲ್ಲೇ ಮುಗೀತು."

ಮಗಳು ಹೇಳಿದರೆ ಹೇಳಿದ್ದೇ. ಬಟ್ಟೆ ಕತ್ತರಿಸುವವರ ಅಭ್ಯಾಸ ಅದು, ಕತ್ತರಿ ಹಾಕಿದ ಮೇಲೆ ಯೋಚನೆ ಇಲ್ಲ. ಹಾಗಾಗಿ ಸರಿಯಾದ ತೂಕದ ರಾಕೆಟ್ ಸಿಗಬೇಕು, ಅದೂ ಒಂದೇ ಸಲಕ್ಕೆ. ಇಲ್ಲವಾದರೆ ಹುಡುಗಿಯ ಆಟ ಹೋಯಿತು.

ನನಗೆ ಇದರಲ್ಲಿ ದೊಡ್ಡ ಕಷ್ಟ ಕಾಣಲಿಲ್ಲ. ಭಾರವಾದರೆ ಹಗುರದ್ದು ತರುವುದು. ಮರ ಕೊರೆಯುವ ಕತ್ತಿಯೂ ಹಗುರ, ಇಡೀ ಬೆಳಿಗ್ಗೆ ಹಿಡಿದರೂ ಕೈ ಸೋಲುವುದಿಲ್ಲ. ಇದನ್ನೇ ನರಿಮೊಗರಿಗೆ ಹೋಗಿ ಟೀಚರ ಹತ್ತಿರ ಹೇಳಿದೆ. ಅವರು ನಗಲಿಲ್ಲ, ಆದರೆ ಒಪ್ಪಲೂ ಇಲ್ಲ.

"ಮರ ನಿಮ್ಮ ಕತ್ತಿಗೆ ತಿರುಗಿ ಹೊಡೀತದಾ ಅಮ್ಮಾ?"

"ಇಲ್ಲ."

"ಚೆಂಡು ಹೊಡೀತದೆ. ತೀರ ಹಗುರ ಆದ್ರೆ ರಾಕೆಟನ್ನೇ ಹಿಂದೆ ದೂಡ್ತದೆ. ಆ ಪೆಟ್ಟು ಎಲ್ಲಿಗೆ ಹೋಗ್ಬೇಕು? ಸೀದಾ ಮೊಣಕೈಗೆ. ಭಾರ ಆದ್ರೆ ಎತ್ತಿ ಎತ್ತಿ ಕೈ ಸೋಲ್ತದೆ, ಆಗ ತಪ್ಪು ತಪ್ಪು ಹೊಡೀತಾಳೆ, ಅದೂ ಮೊಣಕೈಗೇ."

"ಹಾಗಾದ್ರೆ ಎಷ್ಟು ತೂಕ ಅಂತ ಹೇಳಿಬಿಡಿ. ತರ್ತೇವೆ."

"ಅದನ್ನು ಹೇಳ್ಲಿಕ್ಕೆ ಆಗುದಿಲ್ಲ. ಆಡಿ ಆಡಿ ಸುಸ್ತಾದ ಮೇಲೂ ಅವಳಿಗೆ ಸರಿ ಬೀಸ್ಲಿಕ್ಕೆ ಆಗ್ಬೇಕು. ಹಾಗೆ ಬೀಸ್ಲಿಕ್ಕೆ ಆಗುವುದ್ರಲ್ಲಿ ಯಾವುದು ಜಾಸ್ತಿ ತೂಕದ್ದೋ ಅದೇ ಸರಿ."

ಈ ಮಾತು ನನಗೆ ತಲೆಗೆ ಹೋಯಿತು. ಹೊರೆ ಹೊರುವವರಿಗೂ ಇದೇ ಲೆಕ್ಕ. ಎತ್ತುವಾಗ ಎಲ್ಲ ಹೊರೆಯೂ ಹಗುರ, ಗುಡ್ಡದ ಮೇಲೆ ಹೋದ ಮೇಲೆ ಗೊತ್ತಾಗುವುದು. ಆದರೆ ಅಂಗಡಿಯಲ್ಲಿ ಗುಡ್ಡ ಎಲ್ಲಿಂದ ತರುವುದು?

ಕೈಯ ಊತ ಇಳಿದ ಮೇಲೆ ಒಂದು ಶನಿವಾರ ನಾನೂ ಹುಡುಗಿಯೂ ಪೇಟೆಗೆ ಹೋದೆವು. ಮಗಳಿಗೆ ಮದುವೆಯ ರವಿಕೆಗಳಿದ್ದವು, ಬರಲಿಲ್ಲ. "ಇದ್ದದ್ದರಲ್ಲಿ ಹಗುರದ್ದು ತನ್ನಿ" ಎಂದು ಕಳುಹಿಸಿದಳು. ಟೀಚರ ಮಾತನ್ನು ಅವಳಿಗೆ ನಾನು ಹೇಳಿದ್ದೆ. ಅವಳು ಕೇಳಿದ್ದಳು, ನಂಬಿರಲಿಲ್ಲ.

ಆಟದ ಸಾಮಾನಿನ ಅಂಗಡಿಯವನು ಬ್ಯಾರಿ ಮುಸ್ಲಿಮರವನು, ನಮ್ಮ ಅಳಿಯನ ಪ್ರಾಯ. ಕೆಲವು ವರ್ಷ ಗಲ್ಫಿನಲ್ಲಿ ಇದ್ದು ಬಂದು ಅಂಗಡಿ ಇಟ್ಟವನು. ಮೂರು ರಾಕೆಟ್ ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟ. ನಾನು ಒಂದೊಂದನ್ನೇ ಎತ್ತಿ ನೋಡಿದೆ, ಬೆರಳಿನಿಂದ ಬಡಿದು ನೋಡಿದೆ.

"ಅಜ್ಜೀ, ತೆಂಗಿನಕಾಯಿ ಅಲ್ಲ ಅದು. ಒಳಗೆ ನೀರಿಲ್ಲ."

"ನೀರಿಲ್ಲದ ತೆಂಗಿನಕಾಯಿ ಮಾರುವವರನ್ನೂ ನೋಡಿದ್ದೇನೆ ಮಾರಾಯ. ಸುಮ್ಮನಿರು."

ಹುಡುಗಿ ಮೂರನ್ನೂ ಬೀಸಿ ನೋಡಿದಳು. ಯಾವುದು ಎಂದು ಕೇಳಿದರೆ ಮೂರೂ ಒಳ್ಳೆಯದಿದೆ ಎಂದಳು. ಅವಳ ಗುಣವೇ ಅದು. ಯಾರು ಏನು ಬಡಿಸಿದರೂ ಚೆನ್ನಾಗಿದೆ ಎನ್ನುತ್ತಾಳೆ, ಆಮೇಲೆ ಬಾಳೆಲೆಯ ಅಡಿಗೆ ತಳ್ಳುತ್ತಾಳೆ.

"ಈಗ ಆಡುವುದು ಯಾವುದು? ಅದರ ತೂಕ ಗೊತ್ತಾದ್ರೆ ಅದಕ್ಕಿಂತ ಸ್ವಲ್ಪ ಕಮ್ಮಿದು ಕೊಡ್ತೇನೆ," ಎಂದ ಅಂಗಡಿಯವನು.

ಹುಡುಗಿ ಚೀಲದಿಂದ ತನ್ನದನ್ನು ತೆಗೆದಳು. ಹಿಡಿಯ ಮೇಲ್ಗಡೆ ಸಣ್ಣ ಅಕ್ಷರದಲ್ಲಿ ಬರೆದದ್ದನ್ನು ಓದಿದಳು. ಇನ್ನೂರ ಅರವತ್ತೈದು ಗ್ರಾಮ್. ಅವನ ಹುಬ್ಬು ಮೇಲೆ ಹೋಯಿತು.

"ಇವಳ ಪ್ರಾಯಕ್ಕೆ ಅದು ಹೆಚ್ಚೇನಲ್ಲ. ಇಲ್ಲಿ ಕೊಡು ನೋಡುವ."

ಕೈಗೆ ತೆಗೆದುಕೊಂಡ. ಒಮ್ಮೆ ಬೀಸಿದ. ಮೇಜಿನ ಮೇಲಿದ್ದ ಒಂದನ್ನು ಎತ್ತಿ ಬೀಸಿದ. ಮತ್ತೆ ಇವಳದ್ದನ್ನು ಬೀಸಿದ.

"ಇದು ಎಂತದು ಮಾರಾಯ್ತಿ, ಹಾರೆಯ ಹಾಗೆ ಉಂಟು? ಇದು ಆ ತೂಕ ಅಲ್ಲವೇ ಅಲ್ಲ. ತಡಿ, ತೂಗಿಯೇ ಬಿಡುವ."

ಅವನ ಅಂಗಡಿಯಲ್ಲಿ ತಕ್ಕಡಿ ಇಲ್ಲ. ಚೆಂಡನ್ನು ಯಾರೂ ಕೆ.ಜಿ. ಲೆಕ್ಕದಲ್ಲಿ ಕೊಳ್ಳುವುದಿಲ್ಲವಲ್ಲ. ಎರಡು ಬಾಗಿಲು ಆಚೆ ಒಣಮೀನಿನ ಅಂಗಡಿ. ಅಲ್ಲಿ ಕೂರುವವಳು ನನಗೆ ಗುರುತಿನವಳು, ನನಗಿಂತ ಸಣ್ಣವಳು, ಬಾಯಿ ನನ್ನದಕ್ಕಿಂತ ದೊಡ್ಡದು. ನಮ್ಮ ಮಾತೆಲ್ಲ ತುಳುವಿನಲ್ಲೇ ನಡೆಯಿತು, ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ.

"ಇದನ್ನು ತೂಗ್ಬೇಕಾ? ತಲೆ ತೆಗೆದು ತೂಗ್ಲಾ, ಇಡಿಯಾಗಿಯಾ?"

"ಇಡಿಯಾಗಿ ತೂಗು. ನಿನ್ನ ಬೆರಳು ಮಾತ್ರ ತಟ್ಟೆಗೆ ತಾಗಿಸ್ಬೇಡ."

"ಅಯ್ಯೋ, ನಾನು ತಾಗಿಸಿದ್ರೆ ಇಷ್ಟೊತ್ತಿಗೆ ಎರಡು ಮಾಳಿಗೆ ಮನೆ ಕಟ್ತಿದ್ದೆ."

ಪೇಪರು ಹಾಸಿ ರಾಕೆಟನ್ನು ಅಡ್ಡ ಮಲಗಿಸಿದಳು. ಕೆಂಪು ಅಂಕಿ ಓಡಿ ಓಡಿ ನಿಂತಿತು. ಮುನ್ನೂರ ಮೂವತ್ತು.

ಅಂಗಡಿಯವನು ಬೆರಳು ಮಡಚಿದ. ಕಂಪೆನಿಯವರು ಬರೆಯುವುದು ಚೆಂಡು ಹೊಡೆಯುವ ಬಲೆಯ ತಂತಿ ಕಟ್ಟುವ ಮೊದಲಿನ ತೂಕವಂತೆ. ತಂತಿಗೆ ಒಂದು ಹದಿನೈದು ಹಾಕಿದ, ಹಿಡಿಯ ಮೇಲೆ ಸುತ್ತಿದ ಬಟ್ಟೆಗೆ ಐದು ಹಾಕಿದ. ಇನ್ನೂರ ಎಂಬತ್ತೈದು ಆಯಿತು.

"ಬಾಕಿ ನಲವತ್ತೈದು ಎಲ್ಲಿಂದ ಬಂತು?" ಎಂದ.

ಎಲ್ಲರೂ ರಾಕೆಟ್ ನೋಡುತ್ತಿದ್ದೆವು. ಅದರ ತಲೆಯ ಅಂಚಿನಲ್ಲಿ ಅರ್ಧ ಸುತ್ತು ಒಂದು ಕಪ್ಪು ಪಟ್ಟಿ ಇತ್ತು. ಇಷ್ಟು ದಿನ ಮನೆಯ ಗೋಡೆಯಲ್ಲಿ ತೂಗಾಡುತ್ತಿದ್ದಾಗ ದಿನಾ ಕಂಡದ್ದೇ. ತಕ್ಕಡಿಯ ಮೇಲೆ ಮಲಗಿಸಿದಾಗ ಕಂಡದ್ದು ಬೇರೆ. ಪಟ್ಟಿಯ ಕೊನೆಯಲ್ಲಿ ಕಬ್ಬಿಣದ ತಂತಿಯನ್ನು ತಿರುಚಿ, ಮೊನೆಯನ್ನು ಒಳಗೆ ಮಡಚಿದ ರೀತಿ. ಆ ಮಡಚು ನನಗೆ ಗೊತ್ತು. ಅದು ನನ್ನ ತಮ್ಮನ ಕೈ.

ತಮ್ಮ ಗುತ್ತಿಗಾರಿನಲ್ಲಿದ್ದಾನೆ. ಅವನೂ ರಬ್ಬರ್ ಕೊರೆಯುವವನೇ, ಈಗಲೂ ಬಿಟ್ಟಿಲ್ಲ. ಮಳೆ ಶುರುವಾಗುವ ಮೊದಲು ರಬ್ಬರ್ ಮರಗಳಿಗೆಲ್ಲ ಪ್ಲಾಸ್ಟಿಕ್ಕಿನ ಲಂಗ ಕಟ್ಟುವ ಕೆಲಸ ಉಂಟು. ಕೊರೆದ ಜಾಗಕ್ಕೆ ನೀರು ಬೀಳಬಾರದು. ಮರಕ್ಕೆ ಅಂಟು ಬಳಿದು, ಪ್ಲಾಸ್ಟಿಕ್ ಸುತ್ತಿ, ಮೇಲಿಂದ ಪಟ್ಟಿ ಬಿಗಿದು ಕಟ್ಟುವುದು. ಜೀವಮಾನ ಇಡೀ ಇದನ್ನು ಮಾಡಿದವರ ಕೈ ಸುಮ್ಮನಿರುವುದಿಲ್ಲ. ಸವೆಯುವ ಅಂಚು ಎಲ್ಲಿ ಕಂಡರೂ ಕಟ್ಟಬೇಕು. ನಮ್ಮ ಅಕ್ಕಿ ಕೇರುವ ಗೆರಸೆಯ ಅಂಚು, ಬಕೆಟಿನ ಹಿಡಿ, ಕೊಡೆಯ ಕಾಲು, ಎಲ್ಲವೂ ಕಟ್ಟಿಸಿಕೊಂಡಿವೆ. ಅವನ ಕಿಸೆಯಲ್ಲಿ ಸೈಕಲ್ ಟ್ಯೂಬು ಕತ್ತರಿಸಿದ ಪಟ್ಟಿ, ತಂತಿಯ ತುಂಡು ಯಾವಾಗಲೂ ಇರುತ್ತದೆ. ಬೇರೆಯವರ ಕಿಸೆಯಲ್ಲಿ ಬೀಡಿ ಇದ್ದ ಹಾಗೆ.

ಮಳೆಗಾಲದಲ್ಲಿ ಒಮ್ಮೆ ನಮ್ಮಲ್ಲಿಗೆ ಬಂದಿದ್ದ. ರಾಕೆಟಿನ ತಲೆ ಸಿಮೆಂಟಿಗೆ ಉಜ್ಜಿ ಉಜ್ಜಿ ಬಣ್ಣ ಹೋಗಿತ್ತು. ಅವನಿಗೆ ನೋಡಲಾಗಲಿಲ್ಲ. ಜಗಲಿಯಲ್ಲಿ ಕೂತು, ಟ್ಯೂಬಿನ ಪಟ್ಟಿ ಎರಡು ಸುತ್ತು ಹಾಕಿ, ಜಾರಬಾರದೆಂದು ನಡುವೆ ತಂತಿ ಕೊಟ್ಟು, ಮತ್ತೆ ಅದರ ಮೇಲೆ ಪಟ್ಟಿ ಎಳೆದು ಕಟ್ಟಿದ. ಚೆಂದ ಕಟ್ಟಿದ್ದ. ಅಂಗಡಿಯಲ್ಲಿ ಸಿಕ್ಕಿದ ಹಾಗೆ ಕಾಣುತ್ತಿತ್ತು. ನೋಡಿದ ನಾವೆಲ್ಲ ಒಳ್ಳೆಯ ಕೆಲಸ ಎಂದೆವು. ತೂಕದ ಮಾತು ಯಾರ ಬಾಯಿಯಲ್ಲೂ ಬರಲಿಲ್ಲ. ಗೆರಸೆಗೆ ಕಟ್ಟುವಾಗ ಯಾರು ತೂಕ ನೋಡುತ್ತಾರೆ?

ಇದನ್ನು ಹೇಳಿದಾಗ ಅಂಗಡಿಯವನು ಎರಡೂ ಕೈ ತಲೆಯ ಮೇಲಿಟ್ಟ.

"ಅದೂ ತುದಿಗೇ ಕಟ್ಟಿದ್ದಾರಲ್ಲ ಅಜ್ಜೀ! ಹಿಡಿಗೆ ಕಟ್ಟಿದ್ರೆ ಇಷ್ಟು ಗೊತ್ತಾಗ್ತಿರ್ಲಿಲ್ಲ. ತುದಿಯಲ್ಲಿ ಇಷ್ಟು ಅಂದ್ರೆ ಸುತ್ತಿಗೆ ಬೀಸಿದ ಹಾಗೆ."

ನಾನು ಹುಡುಗಿಯ ಕಡೆ ತಿರುಗಿದೆ. "ಕಟ್ಟಿದ ಮೇಲೆ ಭಾರ ಆಯ್ತು ಅಂತ ನಿನಗೆ ಗೊತ್ತಾಗ್ಲಿಲ್ವಾ?"

"ಗೊತ್ತಾಯ್ತು."

"ಮತ್ತೆ ಬಾಯಲ್ಲಿ ಎಂತ ಇತ್ತು?"

"ಅಜ್ಜ ಇಡೀ ಮಧ್ಯಾಹ್ನ ಕೂತು ಕಟ್ಟಿದ್ರು. ತೆಗೆದ್ರೆ ಬೇಜಾರ್ ಮಾಡ್ತಾರೆ ಅಂತ. ಮತ್ತೆ, ಆಡಿ ಆಡಿ ಅಭ್ಯಾಸ ಆಗ್ತದೆ ಅಂತ ಎಣಿಸಿದೆ."

"ಬೇಜಾರು ಅವನಿಗೆ, ನೋವು ನಿನಗಾ? ಅವನ ಬೇಜಾರು ಒಂದು ಚಾ ಕುಡಿದ್ರೆ ಹೋಗ್ತದೆ. ನಿನ್ನ ಕೈ?"

ಅವಳ ಕಣ್ಣಲ್ಲಿ ನೀರು ಬಂತು. ಬರಲಿ ಎಂದು ಬಿಟ್ಟೆ. ಮೀನಿನವಳು ಮಾತ್ರ "ಪಾಪ, ಮಗುವನ್ನು ಬೈಬೇಡ" ಎನ್ನುತ್ತಾ ತಾನು ಬಂಗುಡೆಯ ಬಾಲ ಕೊಯ್ಯುವ ಚೂರಿ ತೆಗೆದು ಕೊಟ್ಟಳು. ಬ್ಯಾರಿ ಹುಷಾರಾಗಿ ಒಂದೊಂದೇ ಸುತ್ತು ಕೊಯ್ದ. ತಮ್ಮನ ಕಟ್ಟು ಸುಲಭಕ್ಕೆ ಬಿಡುವಂಥದ್ದಲ್ಲ, ಅವನ ಹಣೆಯಲ್ಲಿ ಬೆವರು ಬಂತು. ಟ್ಯೂಬು, ತಂತಿ ಎಲ್ಲ ಒಟ್ಟು ಮಾಡಿ ತಕ್ಕಡಿಗೆ ಹಾಕಿದರೆ ನಲವತ್ತೈದಕ್ಕೆ ಒಂದು ಹೆಚ್ಚು. ಆ ಒಂದು ಮೀನಿನ ಹುಡಿ ಇರಬೇಕು.

"ಈಗ ಬೀಸು," ಎಂದ.

ಅಂಗಡಿಯ ಎದುರು ಜನ ಇಲ್ಲದ್ದು ನೋಡಿ ಅವಳು ಬೀಸಿದಳು. ಮೊದಲ ಸಲ ಕೈ ತಾನೇ ಮುಂದೆ ಹೋಗಿ ಅವಳು ಅರ್ಧ ತಿರುಗಿಬಿಟ್ಟಳು. ಎರಡನೆಯ ಸಲ ಸರಿ ಬೀಸಿದಳು. ಆಮೇಲೆ ನಿಲ್ಲಿಸಲೇ ಇಲ್ಲ. ಬೈಕಿನವನೊಬ್ಬ ಹಾರ್ನ್ ಹಾಕಿ ದಾಟಬೇಕಾಯಿತು.

"ಅಜ್ಜೀ, ಇದು ಮೊದಲಿನದ್ದೇ! ಮೊದಲಿನ ಹಾಗೆ ಆಯ್ತು!"

"ಆಗದೆ ಎಂತ. ಮೊದಲಿನದ್ದೇ ಅಲ್ವಾ."

ಅಂಗಡಿಯವನಿಗೆ ಅಂದು ವ್ಯಾಪಾರ ಆಗಲಿಲ್ಲ. ಹಾಗೆಂದು ಮುಖ ಸಣ್ಣ ಮಾಡಲಿಲ್ಲ. "ಕೈ ಸರಿಯಾಗ್ಲಿ. ದೊಡ್ಡವಳಾದ ಮೇಲೆ ಇನ್ನೊಂದು ಬೇಕಾಗ್ತದಲ್ಲ, ಆಗ ಬನ್ನಿ" ಎಂದ. ಅಂಚು ಸವೆಯದ ಹಾಗೆ ಕಾಗದದಷ್ಟು ತೆಳ್ಳಗಿನ ಪಟ್ಟಿಯೊಂದನ್ನು ಸುಮ್ಮನೆ ಅಂಟಿಸಿಕೊಟ್ಟ. ಮೀನಿನವಳ ಹತ್ತಿರ ನಾನು ಕಾಲು ಕೆ.ಜಿ. ಒಣ ನಂಗು ಮೀನು ತೆಗೆದುಕೊಂಡೆ. ತಕ್ಕಡಿ ಉಪಯೋಗಿಸಿ ಬರಿಗೈಯಲ್ಲಿ ಬರುವುದು ಸರಿಯಲ್ಲ.

ಟೀಚರಿಗೆ ಹೇಳಿದಾಗ ಅವರು ಸೊಂಟಕ್ಕೆ ಕೈಕೊಟ್ಟು ನಿಂತರು. ಅಂಥ ಕಪ್ಪು ಪಟ್ಟಿ ಮಾರಲಿಕ್ಕೂ ಸಿಗುತ್ತದೆ, ಅದೇ ಎಂದು ಎಣಿಸಿದ್ದರಂತೆ. ಅವರನ್ನು ಹೇಳಿ ಪ್ರಯೋಜನವಿಲ್ಲ, ಒಬ್ಬರೇ ಅಷ್ಟು ಮಕ್ಕಳನ್ನು ನೋಡುವುದು. ರಾಕೆಟ್ ತೆಗೆದುಕೊಂಡು ತಾವೇ ಆಡಿ ನೋಡಿದರು. ಹುಡುಗಿಯನ್ನು ಅಂಕಣದ ಸುತ್ತ ಓಡಿಸಿ, ಏದುಸಿರು ಬಂದ ಮೇಲೆ ಮೆತ್ತಗೆ ಚೆಂಡು ಹಾಕಿ ಬೀಸಿಸಿದರು.

"ಇದೇ ಇರ್ಲಿ. ಇದಕ್ಕಿಂತ ಹಗುರ ಇವಳಿಗೆ ಬೇಡ, ಭಾರವೂ ಬೇಡ. ಕೊಳ್ಳುವಾಗಲೇ ಸರಿಯಾದ್ದು ಸಿಕ್ಕಿತ್ತು."

ಆದರೆ ನೋವು ಟ್ಯೂಬಿನಿಂದಲೇ ಬಂದದ್ದು ಎಂದು ಖಂಡಿತ ಹೇಳುವವರು ಯಾರೂ ಇರಲಿಲ್ಲ. ಡಾಕ್ಟರ ಹತ್ತಿರ ಮತ್ತೆ ಹೋದಾಗ "ಇರಬಹುದು" ಎಂದರು. ಮಗಳಿಗೆ "ಇರಬಹುದು" ಸಾಲುವುದಿಲ್ಲ. "ಸುಳ್ಯದಲ್ಲಿ ನೋಡುವ," ಎಂದಳು. ಅವಳು ಹೇಳಿದ ಮಾತು ಹಾಗೆಯೇ ಇತ್ತು.

ತಮ್ಮನಿಗೆ ನಾನೇ ಫೋನ್ ಮಾಡಿ ಹೇಳಿದೆ. ಸುತ್ತಿ ಬಳಸಿ ಹೇಳಲಿಲ್ಲ.

"ನೀನು ಕಟ್ಟಿದ ಟ್ಯೂಬಿನಿಂದ ಹುಡುಗಿಯ ಕೈ ನೊಂದಿದೆ. ತೆಗೆದು ಬಿಸಾಡಿದ್ದೇವೆ."

"ಯಾರು ತೆಗೆದದ್ದು?" ಎಂದ.

"ಅಂಗಡಿಯವನು. ಮೀನಿನ ಚೂರಿಯಲ್ಲಿ."

"ಕಷ್ಟ ಆಯ್ತಾ ಅವನಿಗೆ?"

"ಬೆವತು ಹೋದ."

"ಆಗ್ಲೇಬೇಕು. ನಾನು ಕಟ್ಟಿದ್ದಲ್ವಾ." ಸ್ವರದಲ್ಲಿ ಸಂತೋಷ ಇತ್ತು. ಮತ್ತೆ ತಗ್ಗಿಸಿ, "ಮಗುವಿನ ಕೈ ಹೇಗುಂಟು ಈಗ?" ಎಂದು ಕೇಳಿದ. ಅಂದಿನಿಂದ ದಿನಾ ಫೋನ್ ಮಾಡಿದ. ಅವನ ಬಾಳೆಗೆ ಆನೆ ನುಗ್ಗಿದ ದಿನವೂ ಮೊದಲು ಕೈ ಕೇಳಿ ಆಮೇಲೆ ಆನೆಯ ಸುದ್ದಿ ಹೇಳಿದ.

ಸುಳ್ಯಕ್ಕೆ ಮಗಳು ಅಂಗಡಿಗೆ ಬಾಗಿಲು ಹಾಕಿ ಬಂದಳು. ಹುಡುಗಿಗೆ ಎದುರು ಆಡುವವಳು ಕಡಬದವಳು, ಉದ್ದ ಹುಡುಗಿ. ಅವಳ ಅಜ್ಜಿಯೂ ಬಂದಿದ್ದರು, ಚಟ್ಟೆ ಎಂಬ ಬಿಳಿ ರವಿಕೆ, ಬಿಳಿ ಮುಂಡು, ಕಿವಿಯಲ್ಲಿ ದೊಡ್ಡ ಓಲೆ. ನಾನು ಕೆಲಸ ಮಾಡಿದ ತೋಟ ಅವರಿಗೆ ಗೊತ್ತಿತ್ತು. ಮಲಯಾಳದಲ್ಲಿ ಮಾತಾಡಿದೆವು. ನನ್ನ ಮಲಯಾಳ ತೋಟದಲ್ಲಿ ಕಲಿತದ್ದು, ಬೈಗುಳ ಹೆಚ್ಚು ಗೊತ್ತು, ಹಾಗಾಗಿ ಜಾಗ್ರತೆಯಲ್ಲಿ ಮಾತಾಡಬೇಕಾಯಿತು.

ಮೊದಲ ಸುತ್ತು ನಮ್ಮವಳು ಗೆದ್ದಳು. ಎರಡನೆಯದು ಅವರವಳು.

"ನಿಮ್ಮವಳು ಸುಸ್ತಾದಳು," ಎಂದರು ಆ ಅಜ್ಜಿ.

"ನಿಮ್ಮವಳು ಕೂತೇಬಿಟ್ಟಿದ್ದಾಳಲ್ಲ, ಅದಕ್ಕೆ ಎಂತ ಹೇಳುದು?"

ಮಗಳು ಆಟ ನೋಡುತ್ತಿರಲಿಲ್ಲ, ಹುಡುಗಿಯ ಬಲಗೈಯನ್ನು ಮಾತ್ರ ನೋಡುತ್ತಿದ್ದಳು. ಚೆಂಡು ಎಲ್ಲಿ ಬಿತ್ತು ಎಂದು ಕೇಳಿದ್ದರೆ ಗೊತ್ತಿರಲಿಲ್ಲ. ಮೂರನೆಯ ಸುತ್ತು ಎಳೆಯಿತು. ಹುಡುಗಿಯ ಅಂಗಿ ಬೆನ್ನಿಗೆ ಅಂಟಿತ್ತು, ಕಾಲು ಎಳೆಯುತ್ತಿದ್ದಳು. ಕೈ ಮಾತ್ರ ಮೊದಲಿನ ಹಾಗೆಯೇ ಹೋಗಿ ಬರುತ್ತಿತ್ತು. ಟೀಚರು ಹೇಳಿದ ಸುಸ್ತು ಇದೇ ಎಂದು ನನಗೆ ಅನಿಸಿತು. ನೋವಿದ್ದರೆ ಈಗ ಗೊತ್ತಾಗಬೇಕು.

ಕೊನೆಯ ಚೆಂಡು ಬಲೆಗೆ ಬಿತ್ತು. ನಮ್ಮವಳು ಸೋತಳು. ಜಿಲ್ಲೆಗೆ ಆ ಉದ್ದ ಹುಡುಗಿ ಹೋದಳು. ಹೋಗಲಿ, ಒಳ್ಳೆಯದಾಗಿ ಆಡಿದಳು.

ಹುಡುಗಿ ಮುಖ ಊದಿಸಿಕೊಂಡು ಬಂದಳು. ಮಗಳು ಅವಳ ಕೈ ಹಿಡಿದು ಮೊಣಕೈಯ ಹತ್ತಿರ ಒತ್ತಿದಳು. ತಿರುಗಿಸಿದಳು. ಮಡಚಿ ಬಿಡಿಸಿದಳು.

"ನೋವುಂಟಾ?"

"ಇಲ್ಲ."

"ಅಜ್ಜನಿಗೆ ಬೇಜಾರಾಗ್ತದೆ ಅಂತ ಹೇಳುವ ಹಾಗೆ ನನಗೆ ಹೇಳ್ಬೇಡ. ಸತ್ಯ ಹೇಳು."

"ಇಲ್ಲ ಅಂತ ಹೇಳಿದೆನಲ್ಲ! ಕಾಲು ನೋಯ್ತಾ ಉಂಟು, ಹಸಿವಾಗ್ತಾ ಉಂಟು, ಸೋತದ್ದಕ್ಕೆ ಸಿಟ್ಟು ಬರ್ತಾ ಉಂಟು. ಕೈಗೆ ಎಂತದೂ ಇಲ್ಲ!"

ಅವಳು ಇಷ್ಟು ಜೋರಾಗಿ ಯಾರಿಗಾದರೂ ಏನಾದರೂ ಹೇಳಿದ್ದನ್ನು ನಾನು ಕೇಳಿರಲಿಲ್ಲ. ಮಗಳು ನಗಲು ಶುರು ಮಾಡಿದಳು. ಮಗು ಸೋತದ್ದಕ್ಕೆ ತಾಯಿ ಹೀಗೆ ನಗುವುದನ್ನು ಆ ಕಡಬದ ಅಜ್ಜಿ ಬಾಯಿ ಬಿಟ್ಟು ನೋಡಿದರು. ನಾನು ಅವರಿಗೆ ವಿವರ ಹೇಳಲು ಹೋಗಲಿಲ್ಲ.

ಸುಳ್ಯದ ಬಸ್‌ಸ್ಟ್ಯಾಂಡಿನಲ್ಲಿ ಗೋಳಿಬಜೆ ತಿಂದೆವು. ಹುಡುಗಿ ನನ್ನ ಪಾಲಿನದ್ದನ್ನೂ ತಿಂದಳು. ಬಸ್ಸಿನಲ್ಲಿ ಟೀಚರು ನಮ್ಮ ಮುಂದಿನ ಸೀಟಿನಲ್ಲಿ ಕೂತಿದ್ದರು. ಬಸ್ಸು ಹೊರಟ ಮೇಲೆ ಮಗಳು ಅವರ ಭುಜ ತಟ್ಟಿ ಕೇಳಿದಳು, "ಟೀಚರೇ, ಸೋಮವಾರ ಆಟ ಎಷ್ಟು ಗಂಟೆಗೆ?"

ಟೀಚರು ಗಂಟೆ ಹೇಳಿದರು. ಹುಡುಗಿ ಕಿಟಕಿಯ ಹೊರಗೆ ನೋಡುತ್ತಾ ಏನೂ ಕೇಳದವಳ ಹಾಗೆ ಕೂತಿದ್ದಳು, ಆದರೆ ಕಿವಿ ಇಲ್ಲೇ ಇತ್ತು. ನನಗೆ ಇನ್ನು ಏನೂ ಕೇಳುವುದಿರಲಿಲ್ಲ. ಸೀಟಿಗೆ ತಲೆ ಒರಗಿಸಿ ಪುತ್ತೂರು ಬರುವವರೆಗೆ ನಿದ್ದೆ ಮಾಡಿದೆ.